ಕಾವಲುಗಾರನ ಭುಜ

ಫೆಬ್ರವರಿ ೪

ಮೊಂಡಿ,

ಈ ಹೆಸರಿನಿಂದ ನಿನ್ನನ್ನು ಕರೆಯುವವರು ಈಗ ಯಾರೂ ಉಳಿದಿರಲಾರರು, ಆದ್ದರಿಂದ ಬರೆಯುತ್ತಿರುವವನು ಯಾರೆಂದು ಹೇಳುವ ಅಗತ್ಯವಿಲ್ಲ. ಆದರೂ ಹೇಳುತ್ತೇನೆ, ಏಕೆಂದರೆ ನೀನು ಮರೆತಿರುವ ಹಾಗೆ ಅಚ್ಚಿನಲ್ಲಿ ಕಾಣುತ್ತಿದೆ. ಕಾಲೇಜಿನಲ್ಲಿ ಮೂರು ವರ್ಷ ನಿನಗೆ ಡ್ರಾಯಿಂಗ್ ಕಲಿಸಿದ ಮೇಷ್ಟ್ರು ನಾನು.

ನಿನ್ನ ಪ್ರದರ್ಶನಕ್ಕೆ ಹೋಗಿದ್ದೆ. ಕರೆದಿರಲಿಲ್ಲ, ಹೋದೆ. ಅರ್ಧ ದಿನ ರೈಲಿನಲ್ಲಿ ಕೂತು ಬೆನ್ನು ಹಿಡಿಸಿಕೊಂಡು ಹೋದೆ. ಗ್ಯಾಲರಿ ಚೆನ್ನಾಗಿದೆ. ಗೋಡೆ ಬೆಳ್ಳಗೆ, ನೆಲ ಬೆಳ್ಳಗೆ, ಕೂರುವುದಕ್ಕೆ ಇರುವುದು ಒಂದೇ ಬೆಂಚು, ಅದರ ಮೇಲೂ ಯಾರೋ ಚೀಲ ಇಟ್ಟಿದ್ದರು. ಬಾಗಿಲಲ್ಲಿ ಒಂದು ಕರಪತ್ರ ಕೊಟ್ಟರು. 'ಈ ಕಲಾವಿದೆ ಯಾರ ಬಳಿಯೂ ಕಲಿತವರಲ್ಲ, ತಮ್ಮ ದಾರಿಯನ್ನು ತಾವೇ ಕಂಡುಕೊಂಡವರು' ಎಂದು ಅದರಲ್ಲಿತ್ತು. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದೆ. ಅದೇ ಇತ್ತು.

ಸರಿ, ದಾರಿ ನೀನೇ ಕಂಡುಕೊಂಡೆ. ಹಾಳೆಗಳನ್ನೂ ನೀನೇ ಕಂಡುಕೊಂಡೆಯಾ? ಗೋಡೆಯ ಮೇಲಿರುವುದರಲ್ಲಿ ಅರ್ಧಕ್ಕಿಂತ ಹೆಚ್ಚು ನನ್ನ ಕ್ಲಾಸಿನ ಹಾಳೆಗಳು. ಅದೇ ಒರಟು ಖಾಕಿ ಕಾಗದ, ಮೂಲೆಗಳಲ್ಲಿ ಅದೇ ಪಿನ್ನಿನ ತೂತು. ಅವುಗಳ ಮೇಲೆ ನೀನು ಹಳೆ ಬಟ್ಟೆ ಅಂಟಿಸಿದ್ದೀಯ, ಮೇಣ ಸುರಿದಿದ್ದೀಯ, ದಾರದಲ್ಲಿ ಹೊಲಿಗೆ ಹಾಕಿದ್ದೀಯ, ಯಾರದೋ ಎಕ್ಸ್‌ರೇ ಕತ್ತರಿಸಿ ಮೆತ್ತಿದ್ದೀಯ, ಒಂದೆರಡಕ್ಕೆ ಡಾಂಬರನ್ನೂ ಬಳಿದಿದ್ದೀಯ. ಇದಕ್ಕೆ ಮಿಶ್ರ ಮಾಧ್ಯಮ ಎಂದು ಹೆಸರಂತೆ. ನಮ್ಮ ಕಾಲದಲ್ಲಿ ಗುಜರಿ ಎನ್ನುತ್ತಿದ್ದೆವು. ಇರಲಿ, ನನಗೆ ವಯಸ್ಸಾಯಿತು.

ಹೇಳಬೇಕಾದದ್ದು ಏಳನೆಯ ಚಿತ್ರದ ವಿಷಯ. ಕಾಲೇಜಿನ ಕಾವಲುಗಾರನನ್ನು ಸ್ಟೂಲಿನ ಮೇಲೆ ಕೂರಿಸಿ ನಿಮ್ಮಿಂದ ಬರೆಸುತ್ತಿದ್ದೆನಲ್ಲ, ಅವನು. ಅವನ ಮುಖಕ್ಕೆ ಬಟ್ಟೆ ಮುಚ್ಚಿದ್ದೀಯ, ಕಾಲು ಮೇಣದೊಳಗೆ ಹೋಗಿದೆ. ಭುಜವನ್ನು ಮಾತ್ರ ಮುಟ್ಟಿಲ್ಲ. ಕುತ್ತಿಗೆಯಿಂದ ಮೊಣಕೈವರೆಗೆ ಒಂದೇ ಒಂದು ಕೆಂಪು ಗೆರೆ ಇಳಿದು ಬಂದಿದೆ. ಬಂದವರೆಲ್ಲ ಅದರ ಮುಂದೆಯೇ ನಿಲ್ಲುತ್ತಿದ್ದರು. ಮಿಕ್ಕ ಚಿತ್ರಗಳ ಮುಂದೆ ಹೀಗೆ ಬಂದು ಹಾಗೆ ಹೋಗುತ್ತಿದ್ದವರು ಅಲ್ಲಿ ಬಂದು ಮಾತು ನಿಲ್ಲಿಸುತ್ತಿದ್ದರು. ಪತ್ರಿಕೆಯವನು ಬರೆದಿರುವುದೂ ಆ ಗೆರೆಯ ಬಗ್ಗೆಯೇ.

ಆ ಗೆರೆ ನನ್ನದು. ಕ್ಲಾಸಿನಲ್ಲಿ ಕೆಂಪು ಸೀಮೆಸುಣ್ಣ ಇದ್ದದ್ದು ಒಬ್ಬನ ಜೇಬಿನಲ್ಲಿ. ಆ ಜೇಬು ಯಾರದು ಎಂದು ನಿನಗೆ ಗೊತ್ತು.

ಕರಪತ್ರದ ಸಾಲು ತೆಗೆಸು. ಏಳನೆಯ ಚಿತ್ರದ ಕೆಳಗಿನ ಚೀಟಿಯಲ್ಲಿ ನನ್ನ ಹೆಸರೂ ಇರಲಿ. ಬೇರೇನೂ ಕೇಳುತ್ತಿಲ್ಲ.

ಮೇಷ್ಟ್ರು


ಫೆಬ್ರವರಿ ೧೩

ಮೇಷ್ಟ್ರಿಗೆ,

ಕ್ಷೇಮ ಸಮಾಚಾರ ನೀವು ಕೇಳಲಿಲ್ಲ, ನಾನೂ ಕೇಳುವುದಿಲ್ಲ. ಇಬ್ಬರಿಗೂ ಒಂದೊಂದು ಸಾಲು ಉಳಿಯಿತು.

ಕರಪತ್ರ ಬರೆದವರು ಗ್ಯಾಲರಿಯ ಯಜಮಾನಿ. ಯಾರ ಹತ್ತಿರ ಕಲಿತಿರಿ ಎಂದು ಕೇಳಿದರು. ನಾನು ಸ್ವಲ್ಪ ಹೊತ್ತು ಸುಮ್ಮನಿದ್ದೆ. ಸುಮ್ಮನಿದ್ದದ್ದನ್ನೇ ಉತ್ತರ ಎಂದುಕೊಂಡು ಅವರು ಬರೆದುಕೊಂಡರು. ಅಚ್ಚಿಗೆ ಹೋಗುವ ಮೊದಲು ನನಗೆ ತೋರಿಸಿದರು. ನಾನು ತಿದ್ದಲಿಲ್ಲ. ತಿದ್ದುವುದು ನಿಮ್ಮ ಕೆಲಸ.

ಮೂರು ವರ್ಷ ಕಲಿಸಿದೆ ಎಂದು ಬರೆದಿದ್ದೀರಿ. ನೀವು ಕ್ಲಾಸಿನಲ್ಲಿ ಏನು ಮಾಡುತ್ತಿದ್ದಿರಿ ಎಂದು ನೆನಪಿಸಲೇ? ಕಾವಲುಗಾರ ಸ್ಟೂಲಿನ ಮೇಲೆ ಕೂರುತ್ತಿದ್ದ. ನಾವು ಇದ್ದಿಲು ಹಿಡಿದು ಬರೆಯಲು ಶುರು ಮಾಡುತ್ತಿದ್ದೆವು. ಹಾಳೆಯ ಮೇಲೆ ಇನ್ನೂ ನಾಲ್ಕು ಗೆರೆ ಬಿದ್ದಿರುತ್ತಿರಲಿಲ್ಲ, ಬೆನ್ನ ಹಿಂದೆ ನಿಮ್ಮ ಚಪ್ಪಲಿ ಸದ್ದು. "ಸ್ವಲ್ಪ ಪಕ್ಕಕ್ಕೆ ಸರಿ." ನಾವು ಸರಿಯುತ್ತಿದ್ದೆವು. ನೀವು ಜೇಬಿನಿಂದ ಕೆಂಪು ತೆಗೆದು ನಮ್ಮ ಹಾಳೆಯ ಮೇಲೆ ನಿಮ್ಮ ಚಿತ್ರ ಬರೆಯುತ್ತಿದ್ದಿರಿ. ಆಮೇಲೆ, "ಈಗ ನನ್ನ ಕೆಂಪಿನ ಮೇಲೆ ನಿನ್ನ ಕಪ್ಪು ಎಳಿ. ಕೈಗೆ ಬುದ್ಧಿ ಬರ್ಲಿ." ನಾವು ಎಳೆಯುತ್ತಿದ್ದೆವು. ನಿಮ್ಮನ್ನು ಹಿಂದಿನಿಂದ ಎಲ್ಲರೂ ಕೆಂಪುಗೈ ಎಂದು ಕರೆಯುತ್ತಿದ್ದರು. ನಿಮಗೆ ಗೊತ್ತಿತ್ತೋ ಇಲ್ಲವೋ, ಈಗ ಗೊತ್ತಾಗಲಿ.

ಮೂರು ವರ್ಷದಲ್ಲಿ ನನ್ನ ಒಂದು ಹಾಳೆಯನ್ನೂ ನೀವು ನನಗೆ ಬಿಡಲಿಲ್ಲ. ಒಂದು ಸಲವೂ ಚೆನ್ನಾಗಿದೆ ಎನ್ನಲಿಲ್ಲ. ನನಗೊಬ್ಬಳಿಗೇ ಅಲ್ಲ, ಯಾರಿಗೂ ಅನ್ನಲಿಲ್ಲ, ಅದೊಂದರಲ್ಲಿ ನಿಮ್ಮದು ಸಮಾನ ನ್ಯಾಯ. ಕಾಲೇಜು ಬಿಟ್ಟ ಮೇಲೆ ಎಷ್ಟೋ ವರ್ಷ ಹಾಳೆಯ ಮುಂದೆ ಕೂತರೆ ನನಗೆ ಬೆನ್ನ ಹಿಂದೆ ಚಪ್ಪಲಿ ಸದ್ದು ಕೇಳಿಸುತ್ತಿತ್ತು. ನಾನಾಗಿಯೇ ಪಕ್ಕಕ್ಕೆ ಸರಿಯುತ್ತಿದ್ದೆ. ಕೋಣೆಯಲ್ಲಿ ಒಬ್ಬಳೇ ಇದ್ದರೂ ಸರಿಯುತ್ತಿದ್ದೆ.

ಹಳೆ ಹಾಳೆಗಳ ಮೇಲೆ ಬಟ್ಟೆ ಅಂಟಿಸಿದ್ದು ನಿಮ್ಮ ಕೈ ಮುಚ್ಚಲು. ಮೇಣವೂ ಅದಕ್ಕೇ, ಡಾಂಬರೂ ಅದಕ್ಕೇ. ಪತ್ರಿಕೆಯವನು ನೆನಪಿನ ಪದರಗಳು ಎಂದು ಬರೆದಿದ್ದಾನೆ. ಬರೆದುಕೊಳ್ಳಲಿ. ಅವು ಮುಚ್ಚಳಗಳು.

ಏಳನೆಯ ಚಿತ್ರದ ಗೆರೆಯ ವಿಷಯ ಎತ್ತದಿರುವುದು ನಿಮಗೇ ಒಳ್ಳೆಯದು. ನಾನೂ ಎತ್ತುವುದಿಲ್ಲ. ಇಲ್ಲಿಗೆ ಬಿಡೋಣ.

ನಿಮ್ಮ ಹಳೆಯ ವಿದ್ಯಾರ್ಥಿನಿ


ಫೆಬ್ರವರಿ ೧೭

ಮೊಂಡಿ,

ಎರಡು ಪುಟ ಬೈದು ಕೊನೆಗೆ ಎರಡು ಸಾಲಿನಲ್ಲಿ ಜಾರಿಕೊಂಡಿದ್ದೀಯ. ಏಳನೆಯ ಚಿತ್ರದ ಮಾತು ಬೇಡ ಎನ್ನುತ್ತೀಯ. ಬೇಡವೇ ಬೇಡ ಎನ್ನುವುದಕ್ಕೆ ಕಾರಣ ಏನು ಎಂದು ಊಹಿಸಲಾರದಷ್ಟು ದಡ್ಡ ನಾನಲ್ಲ. ಗೆರೆ ನನ್ನದು ಎಂದು ನೀನು ಒಪ್ಪಲೂ ಇಲ್ಲ, ಅಲ್ಲಗಳೆಯಲೂ ಇಲ್ಲ. ಅಲ್ಲಗಳೆಯಲಿಲ್ಲ ಎನ್ನುವುದು ನನಗೆ ಸಾಕು.

ಗ್ಯಾಲರಿಯ ಯಜಮಾನಿಗೆ ನಾನೇ ಬರೆದಿದ್ದೇನೆ. ಬೆನ್ನ ಹಿಂದೆ ಮಾಡುವ ಅಭ್ಯಾಸ ನನಗಿಲ್ಲ, ಆದ್ದರಿಂದ ನಿನಗೂ ತಿಳಿಸುತ್ತಿದ್ದೇನೆ.

ಆ ಗೆರೆ ಎಳೆದ ದಿನ ನನಗೆ ಚೆನ್ನಾಗಿ ನೆನಪಿದೆ. ಊಟದ ನಂತರದ ಕ್ಲಾಸು. ಕಾವಲುಗಾರನಿಗೆ ತೂಕಡಿಕೆ, ಸ್ಟೂಲಿನ ಮೇಲೆ ಎಡಕ್ಕೆ ವಾಲಿದ್ದ. ವಾಲಿದ ಮೈಯ ಭಾರವೆಲ್ಲ ಭುಜದಲ್ಲಿ ಬಂದು ನಿಂತಿತ್ತು. ಅದು ನಿಮ್ಮಲ್ಲಿ ಒಬ್ಬರ ಕಣ್ಣಿಗೂ ಬಿದ್ದಿರಲಿಲ್ಲ. ನಾನು ನಿನ್ನ ಹಲಗೆಯ ಹತ್ತಿರ ಬಂದೆ, ಉಸಿರು ಹಿಡಿದು ಒಂದೇ ಎಳೆತಕ್ಕೆ ಕುತ್ತಿಗೆಯಿಂದ ಕೆಳಗೆ ಬಂದೆ. ಕೈ ಎಲ್ಲೂ ನಿಲ್ಲಲಿಲ್ಲ. ಅದರ ಮೇಲೆ ಕಪ್ಪು ಎಳೆಯಲು ನಿನಗೆ ಹೇಳಲೂ ಇಲ್ಲ, ಗಮನಿಸಿದ್ದೀಯಾ? ಕೆಡಿಸಿಬಿಡುತ್ತೀಯ ಎಂದು ಹಾಗೆಯೇ ಬಿಟ್ಟೆ. ನಿನ್ನ ಮಿಕ್ಕ ಹಾಳೆಗಳಲ್ಲೆಲ್ಲ ಕಪ್ಪು ಇದೆ, ಅದೊಂದರಲ್ಲಿ ಇಲ್ಲ. ಸಾಕ್ಷಿ ಬೇಕಾದರೆ ಅದೇ ಸಾಕ್ಷಿ.

ನಿನ್ನ ಕೈ ಯಾವುದು ಎಂದು ನನಗೆ ಗೊತ್ತಿಲ್ಲ ಎಂದುಕೊಳ್ಳಬೇಡ. ಮೂರನೆಯ ಚಿತ್ರದ ಮೊಣಕೈ ನೋಡಿಕೋ. ಕಟ್ಟಿಗೆ ಮುರಿದು ಜೋಡಿಸಿದ ಹಾಗಿದೆ. ಅದರಲ್ಲಿ ಮೂಳೆಯೂ ಇಲ್ಲ, ಮಾಂಸವೂ ಇಲ್ಲ, ಬರೀ ಹಟ ಇದೆ. ನಿನಗೆ ಮೊಂಡಿ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಬಟ್ಟೆ ಅಂಟಿಸುವವಳು ಅದರ ಮೇಲೆ ಅಂಟಿಸಬೇಕಿತ್ತು.

ಇಷ್ಟು ವರ್ಷ ಕಲಿಸಿದವನು ನಾನು. ಒಂದು ಗೆರೆಗಾಗಿ ಜಗಳಕ್ಕೆ ನಿಂತಿದ್ದಾನೆ ಮುದುಕ ಎಂದು ನಗುತ್ತಿದ್ದರೆ ನಗು. ಆದರೆ ಬಿಡುವುದಿಲ್ಲ.

ಮೇಷ್ಟ್ರು


ಫೆಬ್ರವರಿ ೨೭

ಮೇಷ್ಟ್ರಿಗೆ,

ನೀವು ಮಾಡಿದ್ದು ಏನೆಂದು ನಿಮಗೆ ತಿಳಿದಂತಿಲ್ಲ, ತಿಳಿಸುತ್ತೇನೆ.

ಏಳನೆಯ ಚಿತ್ರವನ್ನು ಮ್ಯೂಸಿಯಂನವರು ಆರಿಸಿದ್ದಾರೆ. ಅವರ ಗೋಡೆಗೆ ಹೋದರೆ ಅದು ಮತ್ತೆ ಎಲ್ಲಿಗೂ ಹೋಗುವುದಿಲ್ಲ, ನಾನು ಇಲ್ಲದ ಮೇಲೂ ಅಲ್ಲೇ ಇರುತ್ತದೆ. ನನ್ನ ನಲವತ್ತನಾಲ್ಕನೆಯ ವಯಸ್ಸಿಗೆ ಸಿಕ್ಕ ಮೊದಲ ಗೋಡೆ ಅದು. ನಿಮ್ಮ ಪತ್ರ ನೋಡಿ ಯಜಮಾನಿ ಹೆದರಿದ್ದಾರೆ. ನನ್ನನ್ನು ಕರೆಸಿ ಕೇಳಿದರು, "ಇದು ಒಬ್ಬರ ಕೈಯಾ, ಇಬ್ಬರ ಕೈಯಾ? ನನಗೆ ಖಚಿತವಾಗಿ ಹೇಳಿ. ಮೇಷ್ಟ್ರು ಬರೆದುಕೊಟ್ಟರೆ ಕಳಿಸ್ತೀನಿ, ಇಲ್ಲಾಂದ್ರೆ ಗೋಡೆಯಿಂದ ಇಳಿಸಿ ನಿಮಗೇ ಕೊಟ್ಟುಬಿಡ್ತೀನಿ." ನಾನು ಒಬ್ಬರದು ಎಂದೆ. ಅವರಿಗೆ ನನ್ನ ಮಾತು ಸಾಲದು. ನಿಮ್ಮ ಬೆಳ್ಳನೆ ತಲೆಗೂದಲಿಗೆ ನನಗಿಂತ ಬೆಲೆ ಹೆಚ್ಚು.

ಒಂದು ಕಾಗದದ ಮೇಲೆ ಎರಡು ಸಾಲು ಬರೆದು ಕಳಿಸಿ. ಏಳನೆಯ ಚಿತ್ರದಲ್ಲಿ ನನ್ನ ಕೈ ಇಲ್ಲ, ನನ್ನ ತಕರಾರು ಹಿಂತೆಗೆದುಕೊಂಡಿದ್ದೇನೆ ಎಂದರೆ ಸಾಕು. ಅದಕ್ಕೆ ಬದಲಾಗಿ ಕರಪತ್ರವನ್ನು ಮತ್ತೆ ಅಚ್ಚು ಹಾಕಿಸುತ್ತೇನೆ, ಕಲಿಸಿದವರು ಎಂದು ನಿಮ್ಮ ಹೆಸರು ಹಾಕಿಸುತ್ತೇನೆ. ಮನಸ್ಸಿಲ್ಲದ ಮನಸ್ಸಿನಿಂದ ಹಾಕಿಸುತ್ತೇನೆ ಎನ್ನುವುದನ್ನು ಮುಚ್ಚಿಡುವುದಿಲ್ಲ.

ಪ್ರದರ್ಶನ ಮಾರ್ಚ್ ಹತ್ತಕ್ಕೆ ಮುಗಿಯುತ್ತದೆ.


ಮಾರ್ಚ್ ೧

ಮೊಂಡಿ,

ಮ್ಯೂಸಿಯಂ ಎಂದ ಕೂಡಲೇ ಮೇಷ್ಟ್ರ ಹೆಸರು ನೆನಪಿಗೆ ಬಂತು. ಸಂತೋಷ.

ನಿನ್ನ ಕರಪತ್ರದಲ್ಲಿ ನನಗೆ ಭಿಕ್ಷೆಯ ಜಾಗ ಬೇಡ. ಹೆಸರು ಇರಬೇಕಾದದ್ದು ಚಿತ್ರದ ಕೆಳಗೆ. ಮ್ಯೂಸಿಯಂಗೇ ಹೋಗುವುದಾದರೆ ಮ್ಯೂಸಿಯಂನ ಗೋಡೆಯ ಮೇಲೆ, ನಿನ್ನ ಹೆಸರಿನ ಪಕ್ಕದಲ್ಲಿ. ಬಟ್ಟೆ ನಿನ್ನದು, ಮೇಣ ನಿನ್ನದು, ಗೆರೆ ನನ್ನದು. ಯಾರು ಏನು ಮಾಡಿದರೋ ಅದನ್ನು ಬರೆದರಾಯಿತು, ಇದರಲ್ಲಿ ಯಾರಿಗೆ ಏನು ನಷ್ಟ?

ನೀನು ನಗುತ್ತೀಯ ಎಂದು ಗೊತ್ತಿದ್ದೂ ಒಂದು ಮಾತು ಹೇಳುತ್ತೇನೆ. ನನ್ನದು ಎಂದು ಹೇಳಿಕೊಳ್ಳುವ ಪ್ರದರ್ಶನ ನಾನು ಒಂದೂ ಮಾಡಲಿಲ್ಲ. ಬೆಳಗ್ಗೆಯಿಂದ ಸಂಜೆವರೆಗೆ ನಿಮ್ಮಂಥವರ ಹಾಳೆ ತಿದ್ದಿ ಮನೆಗೆ ಬಂದರೆ ಕೈಯಲ್ಲಿ ಏನೂ ಉಳಿಯುತ್ತಿರಲಿಲ್ಲ. ರಜೆಯಲ್ಲಿ ಬರೆಯೋಣ ಎಂದು ಕೂರುತ್ತಿದ್ದೆ. ರಜೆ ಮುಗಿಯುತ್ತಿತ್ತು. ಆ ಭುಜದ ಗೆರೆ ಒಂದು ಬಂತು. ಬದುಕಿನಲ್ಲಿ ಒಂದು ಬಂತು, ಅದೂ ಬೇರೆಯವರ ಹಾಳೆಯ ಮೇಲೆ. ಅದನ್ನು ಎಳೆದ ಕೈ ಇದು ಎಂದು ಎಷ್ಟೋ ದಿನ ಬೆಳಗ್ಗೆ ಎದ್ದಿದ್ದೇನೆ. ಮನೆಯವಳು ಇದ್ದಿದ್ದರೆ ಸಾಕ್ಷಿ ಹೇಳುತ್ತಿದ್ದಳು, ಅವಳು ಹೋಗಿ ಮೂರು ವರ್ಷವಾಯಿತು.

ಕಡೆಯ ದಿನ ನಾನು ಗ್ಯಾಲರಿಗೆ ಬರುತ್ತೇನೆ. ಬಂದವರೆಲ್ಲರ ಎದುರಿಗೆ ಇದನ್ನೇ ಹೇಳುತ್ತೇನೆ. ಸುಳ್ಳು ಎಂದು ನನ್ನ ಮುಖ ನೋಡಿ ಹೇಳುವ ಧೈರ್ಯ ನಿನಗಿದ್ದರೆ ನೀನೂ ಬಾ.

ಮೇಷ್ಟ್ರು


ಮಾರ್ಚ್ ೩

ಮೇಷ್ಟ್ರಿಗೆ,

ಅಮ್ಮಾವ್ರನ್ನು ಇದರೊಳಗೆ ಎಳೆದು ತಂದಿರಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಸುಳ್ಳಿಗೆ ಸಾಕ್ಷಿಯಾಗಿ ನಿಲ್ಲಿಸಲು ಸತ್ತವರೇ ಬೇಕಾಯಿತೇ ನಿಮಗೆ? ಸುಮ್ಮನಿರೋಣ ಎಂದುಕೊಂಡಿದ್ದೆ. ಇನ್ನು ಸುಮ್ಮನಿರುವುದಿಲ್ಲ.

ಕ್ಲಾಸಿನಲ್ಲಿ ನೀವು ಒಂದು ಸುತ್ತು ಬರುತ್ತಿದ್ದಿರಿ. ಸುತ್ತು ಮುಗಿಸಿ ಮತ್ತೆ ಬಾಗಿಲಿನ ಕಡೆಯಿಂದ ಶುರು. ಯಾರ ಹಾಳೆ ಆಗಿದೆ, ಯಾರದು ಆಗಿಲ್ಲ ಎಂದು ನೀವು ನೆನಪಿಟ್ಟುಕೊಳ್ಳುತ್ತಿರಲಿಲ್ಲ. ಕೆಂಪು ಇದ್ದರೆ ಆಗಿದೆ ಎಂದು ದಾಟಿ ಹೋಗುತ್ತಿದ್ದಿರಿ. ಅದನ್ನು ನಾನು ಎರಡನೆಯ ವರ್ಷ ಗಮನಿಸಿದೆ. ಹಾಳೆಯ ಮೇಲೆ ಮೊದಲೇ ಕೆಂಪು ಇದ್ದರೆ ನೀವು ನಿಲ್ಲುವುದಿಲ್ಲ.

ನಿಮ್ಮ ಸೀಮೆಸುಣ್ಣ ನಿಮ್ಮ ಜೇಬು ಬಿಟ್ಟು ಹೊರಗೆ ಬರುತ್ತಿರಲಿಲ್ಲ. ಅಂಗಡಿಯಲ್ಲಿ ಸಿಗುವ ಕೆಂಪು ಬೇರೆ, ಗುಲಾಬಿಗೆ ತಿರುಗುತ್ತದೆ, ನಿಮ್ಮದು ಕಾವಿ ಬಣ್ಣದ್ದು. ಕಾಲೇಜಿನ ಹಿಂದೆ ಕಾಂಪೌಂಡು ಗೋಡೆ ಬಿದ್ದಿತ್ತು. ಅಲ್ಲಿಂದ ಒಂದು ಇಟ್ಟಿಗೆ ಚೂರು ತಂದೆ. ಕಲ್ಲಿಗೆ ತಿಕ್ಕಿ ಮೊನೆ ಮಾಡಿದೆ. ನೀರಿನಲ್ಲಿ ಅದ್ದಿ ಗೀಚಿದರೆ ಅದೇ ಕಾವಿ ಬಣ್ಣ. ಕರ್ಚೀಫಿನಲ್ಲಿ ಸುತ್ತಿ ಇಟ್ಟುಕೊಂಡು ಒಂದು ವಾರ ಧೈರ್ಯ ಬರಲಿಲ್ಲ.

ಊಟದ ನಂತರದ ಕ್ಲಾಸು ಎಂದು ಬರೆದಿದ್ದೀರಿ, ಅದು ನಿಜ. ಕಾವಲುಗಾರ ವಾಲಿದ್ದ, ಅದೂ ನಿಜ. ನೀವು ಆಚೆ ಬದಿಯಲ್ಲಿ ಯಾರಿಗೋ ಬೈಯುತ್ತಿದ್ದಿರಿ. ನಿಮ್ಮ ಚಪ್ಪಲಿ ಸದ್ದು ಈ ಕಡೆ ತಿರುಗಿತು. ನಾನು ಒದ್ದೆ ಕರ್ಚೀಫು ಬಿಚ್ಚಿ ಇಟ್ಟಿಗೆ ತೆಗೆದು ಭುಜ ಎಳೆದೆ. ಯೋಚನೆ ಮಾಡಲು ಸಮಯ ಎಲ್ಲಿತ್ತು? ನೀವು ಬರುವುದರೊಳಗೆ ಮುಗಿಯಬೇಕು ಎನ್ನುವುದೊಂದೇ ತಲೆಯಲ್ಲಿತ್ತು. ನೀವು ಬಂದಿರಿ, ಕೆಂಪು ನೋಡಿದಿರಿ, ಪಕ್ಕದವಳ ಹತ್ತಿರ ಹೋಗಿ ಅವಳಿಗೆ ಪಕ್ಕಕ್ಕೆ ಸರಿ ಎಂದಿರಿ. ಕಪ್ಪು ಎಳೆಯಲು ನೀವು ನನಗೆ ಹೇಳಲಿಲ್ಲ, ಹೌದು. ನೀವು ನನ್ನ ಹತ್ತಿರ ನಿಲ್ಲಲೇ ಇಲ್ಲ. ಆ ಕಾಲೇಜಿನಲ್ಲಿ ಒಂದು ಹಾಳೆ ಪೂರ್ತಿ ನನ್ನದಾದದ್ದು ಆ ಮಧ್ಯಾಹ್ನ ಮಾತ್ರ.

ಮೂರನೆಯ ಚಿತ್ರದ ಮೊಣಕೈ ಕಟ್ಟಿಗೆ ಎಂದಿರಿ, ನಾನೂ ಅದನ್ನೇ ಅನ್ನುತ್ತೇನೆ. ಅದು ನಿಮ್ಮದು. ನೀವು ಕೆಂಪಿನಲ್ಲಿ ಎಳೆದಿರಿ, ಅದರ ಮೇಲೆ ಕಪ್ಪು ಎಳೆಯಲು ಹೇಳಿದಿರಿ, ನಾನು ಎಳೆದೆ. ಕಣ್ಣು ಹತ್ತಿರ ಒಯ್ದು ನೋಡಿದರೆ ಕಪ್ಪಿನ ಅಂಚಿನಲ್ಲಿ ನಿಮ್ಮ ಕೆಂಪು ಇಣುಕುತ್ತಿದೆ. ಬಟ್ಟೆ ಅಂಟಿಸದೆ ಬಿಟ್ಟದ್ದು ಬೇಕೆಂದೇ. ನಿಮ್ಮ ಕೈ ಹೇಗಿತ್ತು ಎನ್ನುವುದಕ್ಕೆ ಒಂದಾದರೂ ಉಳಿಯಲಿ ಎಂದು.

ನಂಬಿಕೆ ಬಾರದಿದ್ದರೆ ಯಜಮಾನಿಗೆ ಹೇಳಿ ಏಳನೆಯ ಚಿತ್ರದ ಗಾಜು ತೆಗೆಸಿ. ಗೆರೆಯ ಮೇಲೆ ಬೆರಳು ಆಡಿಸಿ. ಸೀಮೆಸುಣ್ಣವಾದರೆ ನುಣ್ಣಗೆ ಹತ್ತಿಕೊಳ್ಳುತ್ತದೆ. ಇಟ್ಟಿಗೆಯಾದರೆ ಮರಳು ಸಿಗುತ್ತದೆ. ಇಷ್ಟು ವರ್ಷ ನೀವು ನಿಮ್ಮದೆಂದುಕೊಂಡಿದ್ದು ಬಿದ್ದ ಗೋಡೆಯ ಚೂರಿನದು.

ಇನ್ನೊಂದು ಮಾತು. ನನಗೆ ಆಗಲೇ ಗೊತ್ತಿತ್ತು, ಬೇಕೆಂದೇ ಸುಮ್ಮನೆ ದಾಟಿ ಹೋದೆ ಎಂದು ದಯವಿಟ್ಟು ಬರೆಯಬೇಡಿ. ನೀವು ಏನಾದರೂ ಆಗಿರಬಹುದು, ಅಂಥವರಾಗಿರಲಿಲ್ಲ.


ಮಾರ್ಚ್ ೧೬

ಮೇಷ್ಟ್ರಿಗೆ,

ಪ್ರದರ್ಶನ ಮುಗಿದು ಆರು ದಿನವಾಯಿತು. ಮಿಕ್ಕ ಚಿತ್ರಗಳೆಲ್ಲ ಪೆಟ್ಟಿಗೆ ಸೇರಿವೆ. ಏಳನೆಯದು ಯಜಮಾನಿಯ ಆಫೀಸಿನಲ್ಲಿ ಗೋಡೆಗೆ ಒರಗಿಕೊಂಡು ನಿಂತಿದೆ.

ನೀವು ಕಡೆಯ ದಿನ ಬಂದಿದ್ದಿರಂತೆ. ನಾನು ಬರುವುದು ತಡವಾಯಿತು, ಅಷ್ಟರಲ್ಲಿ ಹೊರಟುಹೋಗಿದ್ದಿರಿ. ಎಲ್ಲರೆದುರು ಹೇಳುತ್ತೇನೆ ಎಂದವರು ಆ ಮಾತು ಎತ್ತಲೇ ಇಲ್ಲವಂತೆ.

ಯಜಮಾನಿ ಹೇಳಿದರು, "ಗಾಜು ತೆಗೀತೀರಾ ಅಂತ ಕೇಳಿದ್ರು. ತೆಗೆಸಿದೆ. ಒಂದು ಬೆರಳು ಇಟ್ಟರು. ಬೆರಳನ್ನೇ ನೋಡ್ಕೊಂಡು ನಿಂತ್ರು. ಆಮೇಲೆ ಮೂರನೇ ಚಿತ್ರದ ಹತ್ರ ಹೋಗಿ ತುಂಬಾ ಹೊತ್ತು ಬಗ್ಗಿ ನೋಡಿದ್ರು. ಕಾಫಿ ತರಿಸ್ಲಾ ಅಂದೆ. ಬೇಡ ಅಂದ್ರು." ನಿಮಗೆ ಏನಾದರೂ ಆಯಿತೇ ಎಂದು ಅವರಿಗೆ ಚಿಂತೆ. ನನಗೆ ಕಾಗದದ ಚಿಂತೆ. ಮ್ಯೂಸಿಯಂನವರು ಈ ತಿಂಗಳ ಕೊನೆಯವರೆಗೆ ಕಾಯುತ್ತಾರೆ. ಸೋತ ಮೇಲೂ ಸತಾಯಿಸಬೇಡಿ.


ಮಾರ್ಚ್ ೨೪

ಮೊಂಡಿ,

ನೀನು ಕೇಳಿದ ಕಾಗದ ಇದರ ಜೊತೆಗೆ ಇದೆ. ಸಹಿ ಮಾಡಿದ್ದೇನೆ.

ನನಗೆ ಗೊತ್ತಿರಲಿಲ್ಲ. ಗೊತ್ತಿತ್ತು ಎಂದು ಒಂದು ಪತ್ರ ಬರೆದೆ. ಹಾಗೆ ಬರೆಯಬೇಡಿ ಎಂದು ನೀನು ಹೇಳಿದ ಮೇಲೂ ಬರೆದೆ. ಅಂಚೆಗೆ ಹಾಕಲು ಹೊರಟು ಅರ್ಧ ದಾರಿಯಲ್ಲಿ ಹರಿದೆ. ತಡವಾದದ್ದು ಅದಕ್ಕೆ, ಸತಾಯಿಸಲು ಅಲ್ಲ.

ಎಳೆದದ್ದು ಚೆನ್ನಾಗಿ ನೆನಪಿದೆ ಎಂದಿದ್ದೆ. ಸುಳ್ಳು ಹೇಳಲಿಲ್ಲ, ಹಾಗೆಯೇ ನೆನಪಿತ್ತು. ಈಗ ಕೂತು ಹುಡುಕಿದರೆ ನೆನಪಿರುವುದು ನೋಡಿದ್ದು ಮಾತ್ರ. ಕ್ಲಾಸು ಮುಗಿದ ಮೇಲೆ ಸಂಜೆ ಕಿಟಕಿ ಹಾಕಲು ಒಳಗೆ ಹೋದೆ. ಹಾಳೆಗಳೆಲ್ಲ ದಾರಕ್ಕೆ ಕ್ಲಿಪ್ಪು ಹಾಕಿ ತೂಗುಬಿಟ್ಟಿದ್ದವು. ನಿನ್ನದರ ಮುಂದೆ ಕಾಲು ನಿಂತುಬಿಟ್ಟಿತು. ಚೆನ್ನಾಗಿದೆ ಎಂದುಕೊಂಡೆ. ಕೆಂಪು ಇತ್ತು, ಕೆಂಪು ಎಂದರೆ ನಾನು. ಬೇರೆ ಯಾರಾದರೂ ಇರಬಹುದೇ ಎಂದು ಯೋಚಿಸುವ ಅಭ್ಯಾಸವೇ ನನಗಿರಲಿಲ್ಲ. ಕೆಳಗೆ ಅಂಗಳದಲ್ಲಿ ಯಾರೋ ನಲ್ಲಿ ಬಿಟ್ಟುಕೊಂಡಿದ್ದರು. ಆ ನೀರಿನ ಸದ್ದಿನಲ್ಲಿ ನನಗೆ ನೆಮ್ಮದಿಯಾಗಿ ನೋಡಲು ಆಗುತ್ತಿರಲಿಲ್ಲ. ಕಿಟಕಿಯಿಂದಲೇ ಕೂಗಿ ಬೈದೆ, ನಿಂತಿತು. ಮತ್ತೆ ಬಂದು ನೋಡಿದೆ. ಕಾವಲುಗಾರನೇ ಬಂದು, "ಬೀಗ ಹಾಕ್ಬೇಕು ಸಾರ್" ಎನ್ನುವವರೆಗೂ ನೋಡಿದೆ. ಅವನಿಗೆ ಅವನ ಭುಜ ತೋರಿಸಿದೆ. ನಕ್ಕ.

ಮನೆಗೆ ಹೋಗಿ, "ಇವತ್ತೊಂದು ಗೆರೆ ಎಳೆದೆ ಕಣೇ" ಎಂದೆ. ಅವಳು ಒಲೆ ಆರಿಸಿ ಬಂದು ಕೂತಳು. ಅವಳಿಗೆ ಚಿತ್ರದ ಗಂಧಗಾಳಿ ಇರಲಿಲ್ಲ. ಯಾವ ಭುಜ, ಎಡವೋ ಬಲವೋ ಎಂದು ಕೇಳಿದಳು. ಎಷ್ಟು ಚೆನ್ನಾಗಿತ್ತು ಎಂದು ಅವಳಿಗೆ ಕೈ ಆಡಿಸಿ ಆಡಿಸಿ ಹೇಳಿದೆ. ಎಳೆದದ್ದು ನೆನಪಿದೆ ಎಂದು ನಾನು ನಿನಗೆ ಬರೆದದ್ದು ಅವತ್ತು ಅವಳ ಮುಂದೆ ಆಡಿಸಿದ ಕೈಯೇ ಇರಬೇಕು. ಆಮೇಲೆ ನೆಂಟರು ಯಾರಾದರೂ, ಇಷ್ಟು ವರ್ಷವಾಯಿತಲ್ಲ, ನಿಮ್ಮವರ ಚಿತ್ರ ಎಲ್ಲೂ ಕಾಣಲಿಲ್ಲವಲ್ಲ ಎಂದು ಚುಚ್ಚಿದರೆ ಅವಳು ಹೇಳುತ್ತಿದ್ದಳು, "ಅವರು ಎಳೆದ ಒಂದು ಭುಜ ಇದೆ. ನೀವು ನೋಡಿಲ್ಲ." ಅವಳೂ ನೋಡಿರಲಿಲ್ಲ. ನಂಬಿಕೊಂಡೇ ಹೋದಳು. ಸುಳ್ಳಿಗೆ ಸಾಕ್ಷಿ ಎಂದು ನೀನು ಬರೆದದ್ದು ಸರಿ, ಆದರೆ ಅದು ಸುಳ್ಳು ಎಂದು ನಮ್ಮಿಬ್ಬರಿಗೂ ತಿಳಿದಿರಲಿಲ್ಲ.

ಮೂರನೆಯ ಚಿತ್ರದ ಮೊಣಕೈಯನ್ನು ಬಗ್ಗಿ ನೋಡಿದೆ. ಕಪ್ಪಿನ ಪಕ್ಕದಲ್ಲಿ ಕೆಂಪು ಇದೆ. ಅದು ನನ್ನದು. ಕಟ್ಟಿಗೆ ಎಂದದ್ದನ್ನು ವಾಪಸು ತೆಗೆದುಕೊಳ್ಳುವುದಿಲ್ಲ.

ಉಳಿದ ಚಿತ್ರಗಳ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ. ಡಾಂಬರು ಬಳಿದವು ಎರಡೂ ದಂಡ. ಎಕ್ಸ್‌ರೇ ಬರೀ ಗಿಮಿಕ್ಕು. ಇದಕ್ಕೆ ಉತ್ತರ ಬರೆಯಬೇಕಾಗಿಲ್ಲ.

ಮೇಷ್ಟ್ರು


ಏಪ್ರಿಲ್ ೨

ಮೇಷ್ಟ್ರೇ,

ಕಾಗದ ಯಜಮಾನಿಗೆ ಕೊಟ್ಟೆ. ಚಿತ್ರ ಮೊನ್ನೆ ಹೋಯಿತು. ಕೆಳಗಿನ ಚೀಟಿಯಲ್ಲಿ ನನ್ನ ಹೆಸರೊಂದೇ ಇದೆ. ಚಿತ್ರದ ಜೊತೆ ಹೋದ ಕರಪತ್ರದಿಂದ ಯಾರ ಬಳಿಯೂ ಕಲಿತವರಲ್ಲ ಎನ್ನುವ ಸಾಲು ತೆಗೆಸಿದ್ದೇನೆ. ಆ ಜಾಗದಲ್ಲಿ ನಿಮ್ಮ ಹೆಸರು ಹಾಕಿಸಿಲ್ಲ. ಹಾಕಿಸುತ್ತೇನೆ ಎಂದಿದ್ದೆ, ಕೈ ಬರಲಿಲ್ಲ.

ಗೆದ್ದ ಮೇಲೆ ಸಂತೋಷವಾಗುತ್ತದೆ ಎಂದುಕೊಂಡಿದ್ದೆ. ನಿಮ್ಮ ಪತ್ರ ಓದಿ ಮೊದಲು ಮನಸ್ಸು ಮೆತ್ತಗಾಯಿತು, ಅಮ್ಮಾವ್ರು ಒಲೆ ಆರಿಸಿ ಬಂದು ಕೂತರು ಎನ್ನುವಲ್ಲಿ. ಅವರನ್ನು ಅಂದದ್ದಕ್ಕೆ ಬೇಸರವಿದೆ, ಅದನ್ನು ಒಪ್ಪುತ್ತೇನೆ. ಆಮೇಲೆ ಇನ್ನೊಮ್ಮೆ ಓದಿದೆ. ಆಗ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಇಷ್ಟು ದಿನ ಬಂದ ಸಿಟ್ಟೆಲ್ಲ ಇದರ ಮುಂದೆ ಏನೂ ಅಲ್ಲ.

ಮೂರು ವರ್ಷ ನಾವೆಲ್ಲ ಯಾವ ಮಾತಿಗಾಗಿ ನಿಮ್ಮ ಮುಖ ನೋಡುತ್ತಿದ್ದೆವು ಎಂದು ನಿಮಗೆ ಗೊತ್ತಿಲ್ಲದೆ ಏನು? ನಿಮ್ಮ ಹತ್ತಿರ ಆ ಮಾತು ಇಲ್ಲವೇ ಇಲ್ಲ ಎಂದು ನಾನು ಸಮಾಧಾನ ಮಾಡಿಕೊಂಡಿದ್ದೆ. ಇಲ್ಲದ್ದನ್ನು ಮನುಷ್ಯ ಎಲ್ಲಿಂದ ಕೊಟ್ಟಾನು ಎಂದುಕೊಂಡು ಬದುಕಿದೆ. ಇತ್ತು. ನನ್ನ ಹಾಳೆಯ ಮುಂದೆ ನಿಂತು, ನನ್ನ ಗೆರೆ ನೋಡಿ, ನೀವು ಅದನ್ನು ಅಂದುಕೊಂಡಿರಿ. ಅಂದುಕೊಂಡು ನಿಮಗೇ ಕೊಟ್ಟುಕೊಂಡಿರಿ. ಸಾಲದೆ ಮನೆಗೂ ಒಯ್ದು ಕೈ ಆಡಿಸಿ ಹೇಳಿದಿರಿ. ನೆಂಟರಿಗೂ ಅದು ಗೊತ್ತಿತ್ತು, ಕಾವಲುಗಾರನಿಗೂ ಗೊತ್ತಿತ್ತು. ಗೊತ್ತಿಲ್ಲದೆ ಇದ್ದವಳು ನಾನೊಬ್ಬಳು.

ಆ ಗೆರೆ ಚೆನ್ನಾಗಿದೆ ಎಂದು ನನಗೆ ಅವತ್ತು ತಿಳಿಯಲಿಲ್ಲ ಮೇಷ್ಟ್ರೇ. ಸಿಕ್ಕಿಬೀಳಲಿಲ್ಲ ಎನ್ನುವುದಷ್ಟೇ ತಿಳಿದಿತ್ತು. ಚೆನ್ನಾಗಿದೆ ಎಂದು ತಿಳಿದದ್ದು ಹೋದ ವರ್ಷ, ಮುಚ್ಚಲು ಬಟ್ಟೆ ಹಿಡಿದುಕೊಂಡು ಅದರ ಮುಂದೆ ನಿಂತಾಗ. ನಡುವೆ ಎಷ್ಟೋ ವರ್ಷ ನಾನು ಏನೂ ಬರೆಯಲೇ ಇಲ್ಲ.

ಅವತ್ತು ಸಂಜೆ ಅಂಗಳದಲ್ಲಿ ನಲ್ಲಿ ಬಿಟ್ಟುಕೊಂಡಿದ್ದವಳು ನಾನು. ಉಗುರಿನ ಸಂದಿಯಲ್ಲಿ ಇಟ್ಟಿಗೆಯ ಕೆಂಪು ಇತ್ತು, ನಿಮ್ಮ ಕಣ್ಣಿಗೆ ಬಿದ್ದೀತು ಎಂದು ತಿಕ್ಕಿ ತೊಳೆಯುತ್ತಿದ್ದೆ. ಮೇಲೆ ಕಿಟಕಿ ತೆಗೆದಿತ್ತು. "ಯಾವಳೇ ಅದು, ನೀರೇನು ನಿಮ್ಮಪ್ಪಂದಾ? ನಿಲ್ಲಿಸು" ಎಂದಿರಿ. ನಿಲ್ಲಿಸಿದೆ. ಆಮೇಲೂ ಅಲ್ಲೇ ಇದ್ದೆ, ಕೈ ಒರೆಸಿಕೊಳ್ಳುತ್ತಾ. ಮೇಲಿನಿಂದ ಬೇರೆ ಏನೂ ಕೇಳಿಸಲಿಲ್ಲ.